ಸದ್ಯಕ್ಕೆ ಕಟ್ಟಿದ ಹಸಿರು ತಂತಿ

ನಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು ಬಾವಿಯಿಂದ ಎಂಟು ಹೆಜ್ಜೆ ದೂರದಲ್ಲಿತ್ತು. ಕಲ್ಲಿನ ಪಕ್ಕದಲ್ಲಿ ನಲ್ಲಿ, ನಲ್ಲಿಯ ಕೆಳಗೆ ದನಕ್ಕೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿ. ನಲ್ಲಿಯ ಕಬ್ಬಿಣದ ಪೈಪು ನೆಲದ ಮೇಲೆಯೇ ಹಾದು ಬಾವಿಕಟ್ಟೆಯ ಮೇಲಿದ್ದ ಸಣ್ಣ ಮೋಟರಿಗೆ ಸೇರುತ್ತಿತ್ತು. ಮೋಟರಿನಿಂದ ಇನ್ನೊಂದು ಪೈಪು ಬಾವಿಗೆ ಇಳಿದು ನೀರಿನಲ್ಲಿ ಮುಳುಗಿರುತ್ತಿತ್ತು. ದಿನಕ್ಕೊಂದು ಸಲ ಮೋಟರು ಹಾಕಿ ಬಚ್ಚಲಿನ ಮೇಲಿನ ಡ್ರಮ್ಮು ತುಂಬಿಸುತ್ತಿದ್ದೆವು, ಉಳಿದ ಹೊತ್ತು ನಲ್ಲಿಗೆ ನೀರು ಅದರಿಂದ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದೆಲ್ಲ ಈ ಕಬ್ಬಿಣದ ಗುಂಟವೇ ನಡೆಯಿತು.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಬಸ್ಸಿನಿಂದ ಇಳಿದು ತೋಟದ ಬದುವಿನ ಮೇಲೆ ಸ್ವಲ್ಪ ನಡೆದರೆ ನಮ್ಮ ಮನೆ. ಮನೆಯಲ್ಲಿದ್ದವರು ಅಪ್ಪ, ಅವ್ವ, ನಾನು, ಮೂರೇ ಜನ. ಅಟ್ಟದ ತುಂಬ ಕೊಬ್ಬರಿಯಾಗಲೆಂದು ವರ್ಷಗಟ್ಟಲೆ ಒಣಗುತ್ತಿದ್ದ ಕಾಯಿ. ಕೊಟ್ಟಿಗೆಯಲ್ಲಿ ಒಂದು ಎಮ್ಮೆ, ಅದರ ಕರು. ಆ ಎಮ್ಮೆಯ ತಾಯಿ ಅವ್ವನ ತವರಿನಿಂದ ಬಂದದ್ದು. ತೋಟ, ಹೊಲ, ಮನೆ ಎಲ್ಲವೂ ಅಪ್ಪನದಾಗಿದ್ದ ಆ ಮನೆಯಲ್ಲಿ ಅವ್ವನದು ಅಂತ ಹೇಳಬಹುದಾಗಿದ್ದದ್ದು ಆ ಎಮ್ಮೆ ಒಂದೇ.

ಮೋಟರು ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ನಾನು ಪಿಯುಸಿಯಲ್ಲಿದ್ದೆ. ಅಲ್ಲಿಯವರೆಗೆ ಮನೆಯೊಳಗೆ ಮರದ ಪಟ್ಟಿಯ ಮೇಲೆ ಎರಡೇ ತಂತಿ ಹರಿದಾಡುತ್ತಿದ್ದವು. ಮೋಟರಿನ ಜೊತೆಗೆ ಬಂದ ವೈರಿನೊಳಗೆ ಮೂರಿದ್ದವು. ತುರುವೇಕೆರೆಯಿಂದ ಬಂದಿದ್ದ ವೈರ್‌ಮ್ಯಾನ್ ಅಪ್ಪನಿಗೆ ಹಳೆಯ ಪರಿಚಯದವನು. ಬಾವಿಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ವೈರಿನ ತುದಿ ಸುಲಿದು, ಮೂರು ಬಣ್ಣಗಳನ್ನೂ ಬೆರಳ ಸಂದಿಯಲ್ಲಿ ಬಿಡಿಸಿ ಹಿಡಿದು ತೋರಿಸಿದ.

"ನೋಡಣ್ಣ, ಕೆಂಪಂದು ಕರೆಂಟ್ ತತ್ತದೆ. ಕರೀದು ಕೆಲ್ಸ ಮುಗುದ್ಮೇಲೆ ವಾಪಸ್ ತಗಂಡೋಯ್ತದೆ. ಈ ಹಸ್ರುದು ಅರ್ತು, ಭೂಮಿ ತಂತಿ. ಇದುಕ್ಕೆ ಆಳುದ್ದ ಗುಂಡಿ ತೆಗೀಬೇಕು. ಒಂದು ಪದರ ಇದ್ಲು, ಒಂದು ಪದರ ಉಪ್ಪು, ನಡುಮಧ್ಯ ಒಂದು ಪೈಪು. ಬ್ಯಾಸ್ಗೇಲಿ ಆವಾಗಾವಾಗ ನೀರು ಹುಯ್ಬೇಕು."

"ಇಷ್ಟೆಲ್ಲ ಮಾಡಿದ್ರೆ ಅದೇನು ಮಾಡ್ತದೆ?"

"ಏನೂ ಮಾಡಲ್ಲ. ಸುಮ್ನೆ ಕೂತಿರ್ತದೆ."

"ಸುಮ್ನೆ ಕೂತಿರಾಕೆ ಇಷ್ಟು ಉಪಚಾರವಾ?" ಅಪ್ಪ ನಕ್ಕ. "ನಮ್ಮ ಭಾಮೈದ ಬಂದಂಗಾಯ್ತು ಬುಡು." ಒಗೆಯುವ ಕಲ್ಲಿನ ಹತ್ತಿರವಿದ್ದ ಅವ್ವನಿಗೆ ಕೇಳಿಸಲಿ ಎಂದೇ ಅಂದದ್ದು.

"ನಮ್ಮಣ್ಣ ಸುಮ್ನೆ ಕೂತ್ಕಂಡ್ರೂ ಕೊಟ್ಟ ಎಮ್ಮೆ ಹಾಲು ಕರೀತಾ ಐತೆ," ಅವ್ವ ತಿರುಗದೆಯೇ ಅಂದಳು.

ವೈರ್‌ಮ್ಯಾನ್ ನಕ್ಕು, ಮತ್ತೆ ಗಂಭೀರನಾದ. "ತಮಾಸೆ ಅಲ್ಲ ಕಣಣ್ಣ. ಮೋಟ್ರು ಒಳಗೆ ಕೆಂಪು ತಂತಿ ಕೆಟ್ಟು ಅದ್ರ ಮೈಗೆ ತಗಲ್ತು ಅನ್ಕೋ. ಮುಟ್ಟಿದೋರು ಸತ್ರು. ಆಗ ಈ ಹಸ್ರುದೇ ಆ ಕರೆಂಟ್ನ ಎಳ್ಕಂಡೋಗಿ ಭೂಮಿಗೆ ಬುಡೋದು."

ಅಂದರೆ ಅವನಿಗೆ ಗೊತ್ತಿತ್ತು. ಅಪ್ಪನಿಗೆ ಹೇಳಿಯೂ ಆಗಿತ್ತು. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ. ಆಮೇಲೆ ಇಬ್ಬರೂ ಗೊತ್ತಿರಲಿಲ್ಲ ಅನ್ನುವಂತೆ ಮಾತಾಡಿದರು.

ಇದ್ದಿಲಿಗೆ ನಮ್ಮಲ್ಲಿ ಬರವಿರಲಿಲ್ಲ. ಕೊಬ್ಬರಿ ಒಡೆದ ಮೇಲೆ ಉಳಿಯುವ ಚಿಪ್ಪನ್ನು ಗುಂಡಿಯಲ್ಲಿ ಸುಟ್ಟು, ಹದ ನೋಡಿ ಮಣ್ಣು ಮುಚ್ಚಿ ಕೆಂಡ ಕಟ್ಟಿದರೆ ಒಳ್ಳೆಯ ಇದ್ದಿಲು. ಅವ್ವ ಎರಡು ದಿನ ಹೊಗೆ ಕುಡಿದು ಒಂದು ಚೀಲ ಇದ್ದಿಲು ಮಾಡಿಕೊಟ್ಟಳು. ಉಪ್ಪು, ಗುಂಡಿ ಎರಡೂ ಅಪ್ಪನ ಪಾಲಿನ ಕೆಲಸ. ಅದು ಕಾಯಿ ಕೆಡವುವ ಕಾಲ. ಆಳು ಸಿಗುವುದಿಲ್ಲ, ನೆಲ ಕಲ್ಲಾಗಿದೆ, ಮಳೆ ಬಿದ್ದ ಮೇಲೆ ನೋಡಿದರಾಯಿತು ಅಂದ ಅಪ್ಪ. ವೈರ್‌ಮ್ಯಾನ್‌ಗೆ ಕೊನೆಯ ಬಸ್ಸು ಹಿಡಿಯಬೇಕಿತ್ತು. ಅವನು ಮನೆಯೊಳಗೆ ಬೋರ್ಡು ಬಿಚ್ಚಿ, ಹಸಿರು ತಂತಿಯ ತುದಿಯನ್ನು ಕರಿಯ ತಂತಿಗೆ ಸುತ್ತಿ, ಮೇಲೆ ಟೇಪು ಸುತ್ತಿದ.

"ಸದ್ಯಕ್ಕೆ ಹಿಂಗಿರ್ಲಿ. ಕರೀದೂ ಕೊನೀಗೆ ಭೂಮೀಗೇ ಅಲ್ವಾ ಹೋಗಾದು? ಗುಂಡಿ ತೆಗ್ಸಿದ್ಮೇಲೆ ಹೇಳ್ಕಳ್ಸು, ಬಂದು ಬಿಡುಸ್ಕೊಡ್ತೀನಿ."

ಸದ್ಯಕ್ಕೆ ಅನ್ನುವ ಆ ಮಾತು ಮೂರು ವರ್ಷ ನಮ್ಮ ಗೋಡೆಯೊಳಗೆ ಟೇಪು ಸುತ್ತಿಕೊಂಡು ಕೂತಿತ್ತು.

ಕರಿಯ ತಂತಿ ಕೊನೆಗೆ ಭೂಮಿಗೇ ಹೋಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದು ಹೋಗುವುದು ಊರಾಚೆಯ ಟ್ರಾನ್ಸ್‌ಫಾರ್ಮರಿನ ಹತ್ತಿರ, ಕಂಬಗಳ ಮೇಲೆ ಅಷ್ಟು ದೂರ ನಡೆದ ಮೇಲೆ. ಬಲ್ಬು ಉರಿಸಿದ ಕರೆಂಟು ಆ ದಾರಿಯಲ್ಲೇ ವಾಪಸಾಗಬೇಕು. ದಾರಿಯಲ್ಲಿ ಎಲ್ಲಾದರೂ ಒಂದು ಗಂಟು ಬಿಟ್ಟುಕೊಂಡರೆ ಕರೆಂಟಿಗೆ ಹೋಗುವುದಕ್ಕೆ ಜಾಗವಿಲ್ಲ. ಆಗ ಬಲ್ಬಿನಿಂದೀಚೆಗಿನ ಕರಿಯ ತಂತಿ ಕೆಂಪು ತಂತಿಯಷ್ಟೇ ಅಪಾಯದ್ದು. ಅದಕ್ಕೆ ಹಸಿರನ್ನು ಕಟ್ಟಿದ್ದರೆ ಮೋಟರಿನ ಮೈ, ಪೈಪು, ನಲ್ಲಿ ಎಲ್ಲವೂ ಅಪಾಯದ್ದೇ. ಕಾಯಬೇಕಾದ ತಂತಿಯೇ ಕರೆಂಟನ್ನು ಹಿತ್ತಿಲಿಗೆ ಕರೆತಂದು ನಲ್ಲಿಗೆ ಕಟ್ಟುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅನ್ನುತ್ತಾರಲ್ಲ, ಹಾಗೆ.

ಆ ಇದ್ದಿಲಿನ ಚೀಲ ಏನಾಯಿತು ಅನ್ನುವುದನ್ನೂ ಹೇಳಬೇಕು. ನಾನು ಬಿ.ಎಸ್ಸಿ. ಸೇರಿ ದಿನಾ ತಿಪಟೂರಿಗೆ ಹೋಗತೊಡಗಿದ ಮೇಲೆ ಅಂಗಿಗೆ ಇಸ್ತ್ರಿ ಬೇಕಾಯಿತು. ಮನೆಯಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಿತ್ತು. ಅರ್ತಿನ ಗುಂಡಿಗೆಂದು ಅವ್ವ ಮಾಡಿದ ಇದ್ದಿಲನ್ನು ನಾನು ಹಿಡಿ ಹಿಡಿಯಾಗಿ ಪೆಟ್ಟಿಗೆಗೆ ತುಂಬಿ, ಊದಿ, ಅಂಗಿ ಮೇಲೆ ಓಡಾಡಿಸಿ ಮುಗಿಸಿದೆ. ಚೀಲ ಬರಿದಾದಾಗ ಅಪ್ಪ ತಿಪಟೂರಿನಿಂದ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟ.

ಮೂರನೆಯ ವರ್ಷ, ಶಿವರಾತ್ರಿ ಕಳೆದ ವಾರ, ಮನೆಯ ಮುಂದಿನ ಮರದಿಂದ ಒಣಗಿದ ತೆಂಗಿನ ಗರಿಯೊಂದು ಕಂಬದಿಂದ ಮನೆಗೆ ಬರುವ ತಂತಿಯ ಮೇಲೆ ಬಿತ್ತು. ಗರಿಯ ಬುಡ ಎಷ್ಟು ಭಾರವೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತಂತಿ ಹರಿಯಲಿಲ್ಲ, ಜೋತುಬಿತ್ತು. ಲೈಟುಗಳು ಮಂಕಾದವು. ಅಪ್ಪ ಕಾಯಿ ಕೀಳುವ ಒಣಬಿದಿರಿನ ದೋಟಿ ತಂದು ಸೂರಿನ ಕೆಳಗೆ ತಂತಿ ಗಂಟು ಹಾಕಿದ್ದಲ್ಲಿ ಎರಡು ಏಟು ತಟ್ಟಿದ. ಲೈಟು ಜೋರಾಯಿತು.

"ನೋಡ್ದಾ? ಲೈನ್‌ಮ್ಯಾನ್ ಕೆಲ್ಸ ಇಷ್ಟೇಯ," ಅಂದ.

ಆಮೇಲೆ ಅದೊಂದು ರೂಢಿಯಾಯಿತು. ಲೈಟು ಮಂಕಾದರೆ ದೋಟಿ. ಮೋಟರು ಗೊರಗೊರ ಅಂದು ತಿರುಗದಿದ್ದರೆ ದೋಟಿ. ಆ ದಿನಗಳಲ್ಲಿ ನಮ್ಮ ಕಡೆ ದೋಟಿಯಿಂದ ತಂತಿ ತಟ್ಟದ ಮನೆ ಯಾವುದು? ಯಾರಿಗೂ ಇದು ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ. ವೋಲ್ಟೇಜ್ ಇಲ್ಲ ಎಂದು ಎಲ್ಲರೂ ಬೈಯುತ್ತಿದ್ದರು, ನಾವೂ ಬೈದೆವು.

ಗರಿ ಬಿದ್ದ ನಾಲ್ಕೈದು ದಿನಕ್ಕೆ ಅವ್ವ ಮೊದಲ ಸಲ ಹೇಳಿದಳು. ಬೆಳಗಿನ ಜಾವ ಪಾತ್ರೆ ತೊಳೆದು ಒಳಗೆ ಬಂದವಳು ಅಂಗೈ ನೋಡಿಕೊಳ್ಳುತ್ತ, "ನಲ್ಲಿ ಜುಮ್ ಅಂತದೆ ಕಣ್ರೀ," ಅಂದಳು.

"ಚಳಿ ಇರ್ಬೇಕು," ಅಪ್ಪ ಅಂದ.

"ಚಳಿ ಗೊತ್ತಾಗಕ್ಕಿಲ್ವಾ ನಂಗೆ? ಇರುವೆ ಹರಿದಂಗೆ ಮೊಣಕೈಗಂಟ ಬತ್ತದೆ."

ಅಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬಂದು ಟೆಸ್ಟರ್ ಹಿಡಿದು ಪರೀಕ್ಷೆ ಮಾಡಿದೆ. ಬಿಸಿಲಲ್ಲಿ, ರಬ್ಬರಿನ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಒಣ ಕೈಯಲ್ಲಿ. ಮನೆಯೊಳಗೆ ಆ ಹೊತ್ತು ಒಂದು ಬಲ್ಬೂ ಉರಿಯುತ್ತಿರಲಿಲ್ಲ. ಟೆಸ್ಟರ್ ಬೆಳಗಲಿಲ್ಲ. ಆ ವರ್ಷದ ನನ್ನ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಮೂರು ತಂತಿಗಳ ಚಿತ್ರ ಬರೆದು ಕೆಂಪು, ಕಪ್ಪು, ಹಸಿರು ಪೆನ್ಸಿಲಿನಲ್ಲಿ ಬಣ್ಣ ತುಂಬಿದ್ದೆ, ಮೇಷ್ಟ್ರು ಚೆನ್ನಾಗಿದೆ ಎಂದು ಬರೆದಿದ್ದರು. ಆ ಚಿತ್ರ ಬರೆದವನು ಅವ್ವನ ಮುಂದೆ ಟೆಸ್ಟರ್ ಆಡಿಸುತ್ತ, "ನಲ್ಲಿ ಸರ್ಯಾಗೈತೆ ಕಣವ್ವ, ನಿನ್ ಕೈಗೇ ಜೋಮು ಹಿಡಿದೈತೆ," ಅಂದೆ.

ಅವ್ವ ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದಳು. ಆಗ ನನಗದು ಅರ್ಥವಾಗಲಿಲ್ಲ.

ನಂತರದ ಎರಡು ತಿಂಗಳು ಅವಳು ಹೇಳುತ್ತಲೇ ಇದ್ದಳು, ಒಂದೊಂದು ದಿನ ಒಂದೊಂದು ಮಾತು. ಗರಿ ಬಿದ್ದಾಗಿನಿಂದ ಹೀಗೆ, ಅದಕ್ಕೆ ಮುಂಚೆ ಇರಲಿಲ್ಲ ಅಂದಳು. ಕಾಲು ಒದ್ದೆಯಾಗಿದ್ದರೆ ಹೆಚ್ಚು ಅಂದಳು. ದೋಟಿಯಿಂದ ತಟ್ಟಿದ ದಿನ ಇರುವುದಿಲ್ಲ, ಎರಡು ದಿನ ಬಿಟ್ಟು ಮತ್ತೆ ಬರುತ್ತದೆ ಅಂದಳು. ಬಾವಿಯ ನೀರು ಇಳಿದಂತೆಲ್ಲ ಜಾಸ್ತಿಯಾಗುತ್ತಿದೆ ಅಂದಳು. ಇದಕ್ಕಂತೂ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬಾವಿ ನೀರಿಗೂ ಕರೆಂಟಿಗೂ ಏನೇ ಸಂಬಂಧ? ನಾಳೆ ಮಜ್ಜಿಗೆ ಹುಳಿಯಾದ್ರೂ ಕರೆಂಟೇ ಅಂತೀಯ."

ಸಂಬಂಧವಿತ್ತು. ಸೂರಿನ ಕೆಳಗಿನ ಗಂಟು ಬಿಟ್ಟುಕೊಂಡಾಗಲೆಲ್ಲ ನಮ್ಮ ಅಡುಗೆಮನೆಯ ಬಲ್ಬು ಉರಿಯುತ್ತಿದ್ದದ್ದು ನಮ್ಮ ಬಾವಿಯ ಮೂಲಕ. ಕರೆಂಟು ಬಲ್ಬಿನಿಂದ ಕರಿಯ ತಂತಿಗೆ, ಅಲ್ಲಿಂದ ಹಸಿರಿಗೆ, ಮೋಟರಿನ ಮೈಗೆ, ಪೈಪಿಗೆ, ಬಾವಿಯ ನೀರಿಗೆ ಇಳಿದು ಭೂಮಿ ಸೇರುತ್ತಿತ್ತು. ನೀರು ತುಂಬಿದ್ದಾಗ ಸಲೀಸಾಗಿ ಇಳಿಯುತ್ತಿತ್ತು. ಬೇಸಿಗೆಯಲ್ಲಿ ನೀರು ತಳ ಕಂಡು ಪೈಪಿನ ತುದಿ ಮಾತ್ರ ಮುಳುಗಿದಾಗ ಇಳಿಯಲು ಜಾಗ ಸಾಲದೆ ಪೈಪಿನಲ್ಲೇ ನಿಲ್ಲುತ್ತಿತ್ತು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತವಳು ಮುಟ್ಟಿದರೆ ಅವಳ ಮೈಯೂ ಒಂದು ದಾರಿ.

ಕೊನೆಗೆ ಅವ್ವ ಇದನ್ನೂ ಕಂಡುಹಿಡಿದಳು: ಅಡುಗೆಮನೆಯ ಲೈಟು ಆರಿಸಿದರೆ ಜುಮ್ ನಿಲ್ಲುತ್ತದೆ. ಅಂದಿನಿಂದ ನಲ್ಲಿಗೆ ಹೋಗುವ ಮುಂಚೆ ಲೈಟು ಆರಿಸಿ, ಕತ್ತಲಲ್ಲೇ ಪಾತ್ರೆ ತೊಳೆದು ಬಂದು, ಮತ್ತೆ ಹಾಕುತ್ತಿದ್ದಳು. ಅವಳು ಕರೆಂಟು ಉಳಿಸುತ್ತಿದ್ದಾಳೆ ಎಂದು ಅಪ್ಪ ಬಂದವರಿಗೆಲ್ಲ ಹೇಳಿ ನಗಿಸಿದ. ಎಲ್ಲವನ್ನೂ ಅವಳೇ ಪತ್ತೆ ಮಾಡಿದ್ದಳು. ತಂತಿಗಳ ಹೆಸರು ಗೊತ್ತಿರಲಿಲ್ಲ, ಅಷ್ಟೇ. ಹೆಸರು ಗೊತ್ತಿದ್ದವನು ರೆಕಾರ್ಡಿಗೆ ಬಣ್ಣ ತುಂಬುತ್ತಿದ್ದ.

ಒಂದು ಮಧ್ಯಾಹ್ನ ನಮ್ಮೂರಿನ ಇನ್ನೊಂದು ಮನೆಗೆ ಬಂದಿದ್ದ ವೈರ್‌ಮ್ಯಾನ್‌ನನ್ನು ಅವ್ವ ತಾನೇ ಹೋಗಿ ಕರೆತಂದಳು. ಅವನು ಚಪ್ಪಲಿ ಮೆಟ್ಟಿದ್ದಂತೆಯೇ ಬಾವಿಕಟ್ಟೆ ಹತ್ತಿ ಮೋಟರಿಗೆ ಅಂಗೈ ಹಿಂಬದಿ ತಾಗಿಸಿ ನೋಡಿದ. "ಏನಿಲ್ಲ ಕಣಕ್ಕ, ಸುಮ್ನೆ ಹೆದರ್ಕಂಡಿದ್ದೀಯ," ಅಂದ. ಬೋರ್ಡು ಬಿಚ್ಚಿ ನೋಡಲಿಲ್ಲ. ಗುಂಡಿ ತೆಗೆಸಿದಿರಾ ಎಂದೂ ಕೇಳಲಿಲ್ಲ.

ಆಮೇಲೆ ಅಪ್ಪ ಅವಳನ್ನು ತಿಪಟೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದ. ನರದ ನಿಶ್ಶಕ್ತಿ ಅಂದರಂತೆ, ಕೆಂಪು ಟಾನಿಕ್ ಬಂತು. ಅದರಿಂದ ಗುಣ ಕಾಣದೆ ಯಾರೋ ಹೇಳಿದರೆಂದು ತಾಯತ ಬಂತು. ನಲ್ಲಿಗೆ ಬಂದ ರೋಗಕ್ಕೆ ಅವ್ವನ ತೋಳಿಗೆ ತಾಯತ ಕಟ್ಟಿದೆವು. ಕಪ್ಪು ದಾರದ ಗಂಟು ಹಾಕಿದ್ದು ನಾನೇ. ಇದನ್ನು ಬರೆಯುವಾಗ ಈಗಲೂ ಕೈ ಬಿಸಿಯಾಗುತ್ತದೆ.

ಅವಳು ಕೇಳಿದ್ದು ಒಂದೇ ಒಂದು. "ನಿನ್ ಹಳೇ ಎಕ್ಕಡ ಇದ್ರೆ ಕೊಡ್ಲಾ, ನಲ್ಲಿ ತಾವ ಮೆಟ್ಕತೀನಿ," ಅಂದಳು ನನಗೆ. ಒಳಗಿನಿಂದ ಅಪ್ಪ ಗದರಿದ.

"ತುಳಸಿಕಟ್ಟೆ ಮುಂದೆ ಎಕ್ಕಡ ಮೆಟ್ಕಂಡು ಓಡಾಡ್ತೀಯಾ? ನಮ್ಮವ್ವ ಬದುಕಿದ್ದಿದ್ರೆ ಏನಂತಿದ್ಲು?"

ನಮ್ಮ ಮನೆಯ ಹೆಂಗಸರು ಚಪ್ಪಲಿ ಮೆಟ್ಟುತ್ತಿದ್ದದ್ದು ತಿಪಟೂರಿಗೆ ಹೋಗುವಾಗ ಮಾತ್ರ, ಅದೂ ಊರು ದಾಟಿದ ಮೇಲೆ. ವಾಪಸು ಬರುವಾಗ ಊರ ಮುಂದೆ ಕೈಗೆ ತೆಗೆದುಕೊಳ್ಳುತ್ತಿದ್ದರು. ಅಪ್ಪ ಟೈರಿನ ಎಕ್ಕಡದಲ್ಲಿ, ನಾನು ಹವಾಯಿಯಲ್ಲಿ ದಿನವಿಡೀ ಅದೇ ತುಳಸಿಕಟ್ಟೆಯ ಮುಂದೆ ಓಡಾಡುತ್ತಿದ್ದೆವು. ನಮಗೆ ನಲ್ಲಿ ಜುಮ್ ಅನ್ನದೇ ಇದ್ದದ್ದು ಅದಕ್ಕೇ. ಆ ಮನೆಯಲ್ಲಿ ಕಾಲು ನೆಲಕ್ಕೆ ತಾಗಿದ್ದವಳು ಅವಳೊಬ್ಬಳೇ.

ಆ ದಿನ ಬೆಳಿಗ್ಗೆ ನಾನು ನಡುಮನೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಪೆಟ್ಟಿಗೆ ಕಾಯುತ್ತಲೇ ಇರಲಿಲ್ಲ. ದೋಟಿ ತರಬೇಕು ಅಂದುಕೊಂಡೆ, ಸೋಮಾರಿತನದಿಂದ ತರಲಿಲ್ಲ. ಪೆಟ್ಟಿಗೆಯನ್ನು ನಿಲ್ಲಿಸಿ ಕಾಯುತ್ತ ಕೂತೆ. ಅವ್ವ ಹಾಲು ಕರೆದಿಟ್ಟು, ಎಮ್ಮೆಯ ಹಗ್ಗ ಬಿಚ್ಚಿ, ಬಿಂದಿಗೆ ತೆಗೆದುಕೊಂಡು ಅಡುಗೆಮನೆಯ ಲೈಟು ಆರಿಸಿದಳು. ಸ್ವಿಚ್ಚಿನ ಸದ್ದು ನನಗೆ ಕೇಳಿಸಿತು. ಬಲ್ಬು ಆರಿಸಿದ್ದೇನೆ, ಇನ್ನು ಭಯವಿಲ್ಲ ಎಂದುಕೊಂಡೇ ಅವಳು ಹಿತ್ತಿಲಿಗೆ ಇಳಿದದ್ದು. ಒಳಗೆ ಒಂದು ಬಲ್ಬಿನ ಹತ್ತುಪಟ್ಟು ಕರೆಂಟು ಎಳೆಯುವ ಇಸ್ತ್ರಿ ಪೆಟ್ಟಿಗೆ ಹಾಕಿಕೊಂಡು ನಾನು ಕೂತಿರುವುದು ಅವಳಿಗೆ ಗೊತ್ತಿರಲಿಲ್ಲ.

ಅವಳು ನಲ್ಲಿಗೆ ಮೂರು ಹೆಜ್ಜೆ ದೂರವಿದ್ದಾಗ ಎಮ್ಮೆ ಅವಳನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಯಿತು. ತೊಟ್ಟಿಯ ಸುತ್ತ ಕೆಸರು. ಎಮ್ಮೆ ತೊಟ್ಟಿಗೆ ಮೂತಿ ಇಟ್ಟಿತು, ಕತ್ತು ಪೈಪಿಗೆ ತಾಗಿತು. ನಾಲ್ಕು ಕಾಲೂ ಒಟ್ಟಿಗೆ ಮಡಚಿಕೊಂಡವು ಎಂದು ಅವ್ವ ಆಮೇಲೆ ಹೇಳಿದಳು. ನಾನು ಕೇಳಿದ್ದು ಒಂದು ಕೂಗು. ಎಮ್ಮೆಯದೋ ಅವ್ವನದೋ ಇಂದಿಗೂ ಖಚಿತವಾಗಿ ಹೇಳಲಾರೆ.

ನಾನು ಹಿತ್ತಿಲಿಗೆ ಓಡಿದೆ. ಅದೂ ತಪ್ಪು. ಕೊಟ್ಟಿಗೆಯ ಕಡೆಯಿಂದ ಅಪ್ಪನೂ ಓಡಿಬಂದು ಎಮ್ಮೆಯ ಕೊಂಬಿಗೆ ಕೈ ಹಾಕಲು ಹೋದ. ಅವ್ವ ಬಿಂದಿಗೆಯನ್ನು ಅಡ್ಡ ಹಿಡಿದು ಅವನ ಎದೆಗೆ ಗುದ್ದಿ ಹಿಂದಕ್ಕೆ ಕೆಡವಿದಳು.

"ಮುಟ್ಬ್ಯಾಡ!" ಅಂದಳು. ಅಪ್ಪನನ್ನು ಅವಳು ಏಕವಚನದಲ್ಲಿ ಕರೆದದ್ದನ್ನು ಅದೊಂದೇ ಸಲ ಕೇಳಿದ್ದೇನೆ. ನನ್ನ ಕಡೆ ತಿರುಗಿ, "ನೀನು ಇಲ್ಲಿಗ್ಯಾಕ್ಲಾ ಬಂದೆ? ಒಳೀಕ್ ಹೋಗು, ಮೈನ್ ತೆಗಿ! ಎಡಗಡೇದು, ಕೆಳೀಕೆ ಎಳಿ!"

ಮೈನ್ ಎಲ್ಲಿದೆ, ಯಾವ ಕಡೆಗೆ ಎಳೆಯಬೇಕು ಅನ್ನುವುದನ್ನೂ ಅವಳು ನೋಡಿಟ್ಟುಕೊಂಡಿದ್ದಳು. ನಾನು ಎಳೆದೆ. ವಾಪಸು ಬರುವಾಗ ಇಸ್ತ್ರಿ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮುಟ್ಟಿ ನೋಡಿದೆ, ಅರೆಬರೆ ಬಿಸಿ. ಅದರ ಕಾವಿಗೆ ಬರಬೇಕಾದದ್ದರಲ್ಲಿ ಅರ್ಧ ಅಷ್ಟು ಹೊತ್ತೂ ಹಿತ್ತಿಲಿನ ಪೈಪಿನಲ್ಲಿ ಕಾದು ನಿಂತಿತ್ತು. ಎಮ್ಮೆ ಮುಂದೆ ನುಗ್ಗದಿದ್ದರೆ ನನ್ನ ಅಂಗಿಯ ಇಸ್ತ್ರಿಗೆ ಅವ್ವ ಹೋಗುತ್ತಿದ್ದಳು. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಎಮ್ಮೆ ಸತ್ತಿತ್ತು. ಕರು ಕೊಟ್ಟಿಗೆಯಲ್ಲಿ ಕೂಗುತ್ತಿತ್ತು.

ಸತ್ತ ದನವನ್ನು ತೋಟದಲ್ಲಿ ತೆಂಗಿನ ಮರದ ಹತ್ತಿರ ಹೂಳುವುದು ನಮ್ಮ ಕಡೆಯ ಪದ್ಧತಿ, ಮರಕ್ಕೆ ಗೊಬ್ಬರ. ಸುದ್ದಿ ತಿಳಿದು ಪಕ್ಕದ ತೋಟಗಳಿಂದ ಐದಾರು ಜನ ಹಾರೆ, ಗುದ್ದಲಿ ಹಿಡಿದು ಬಂದರು. ಅದೇ ಕಲ್ಲುನೆಲದಲ್ಲಿ ಆಳುದ್ದದ ಗುಂಡಿ ತಯಾರಾಯಿತು. ಮೇಲೆ ಹಾಕಲು ಅಪ್ಪ ಅಂಗಡಿಯಿಂದ ಒಂದು ಮೂಟೆ ಕಲ್ಲುಪ್ಪು ಹೊರಿಸಿಕೊಂಡು ಬಂದ. ಅವ್ವ ಅಷ್ಟು ಹೊತ್ತೂ ಒಗೆಯುವ ಕಲ್ಲಿನ ಮೇಲೆ ಕೂತಿದ್ದವಳು ಎದ್ದು ಬಂದು ಗುಂಡಿಯ ಅಂಚಿನಲ್ಲಿ ನಿಂತಳು. ಗುಂಡಿ ನೋಡಿದಳು, ಉಪ್ಪಿನ ಮೂಟೆ ನೋಡಿದಳು.

"ಆಳು ಸಿಕ್ಕಿದ್ರು. ನೆಲ ಮೆತ್ತಗಾಯ್ತು. ಉಪ್ಪೂ ಬಂತು," ಅಂದಳು.

ಬಂದವರಿಗೆ ಅರ್ಥವಾಗಲಿಲ್ಲ. ಅಪ್ಪ ಮೂಟೆಯ ಬಾಯಿ ಬಿಚ್ಚುತ್ತಿದ್ದವನು ಹಾಗೆಯೇ ನಿಂತ. ಒಬ್ಬ ಮುದುಕ, "ಏನೋ ತಾಯಿ, ಎಮ್ಮೆ ಹಣೇಲಿ ಬರೆದಿತ್ತು," ಅಂದ.

"ಹಣೇಲಿ ಏನೂ ಬರ್ದಿರಲಿಲ್ಲ ಕಣಪ್ಪ. ನಾನು ಬಾಯಲ್ಲಿ ಹೇಳಿದ್ದೆ. ಎರಡು ತಿಂಗ್ಳು ಹೇಳ್ದೆ. ನಂಗೆ ಟಾನಿಕ್ ಕುಡಿಸಿದ್ರು." ತೋಳಿನ ತಾಯತವನ್ನು ಹರಿದು ಗುಂಡಿಗೆ ಎಸೆದಳು. "ಎಮ್ಮೆ ಒಂದೇ ಸಲ ಹೇಳ್ತು, ಎಲ್ರಿಗೂ ಕೇಳಿಸ್ತು."

ಮಧ್ಯಾಹ್ನ ವೈರ್‌ಮ್ಯಾನ್ ಬಂದ. ಏಣಿ ಹತ್ತಿ ಸೂರಿನ ಕೆಳಗಿನ ಗಂಟಿಗೆ ಕೈ ಹಾಕಿದ. ಕರಿಯ ತಂತಿಯ ಗಂಟು ಬೆಳ್ಳಗೆ ಬೂದಿಯಂತೆ ಪುಡಿಯಾಗಿ ಅವನ ಕೈಗೇ ಬಂತು. ಇಳಿದು ಬಂದು ಬೋರ್ಡು ಬಿಚ್ಚಿದ. ಟೇಪಿನೊಳಗೆ ಹಸಿರು ಕಪ್ಪನ್ನು ತಬ್ಬಿಕೊಂಡು ಕೂತಿತ್ತು, ಅವನು ಬಿಟ್ಟು ಹೋದಂತೆಯೇ.

"ಸದ್ಯಕ್ಕೆ ಅಂತ ಅಂದಿದ್ನಲ್ಲಣ್ಣ," ಅಂದ, ಅಪ್ಪನ ಕಡೆ ನೋಡದೆ.

"ನೀನು ನೆಪ್ಪು ಮಾಡ್ಬೇಕಿತ್ತು ಕಣಯ್ಯ," ಅಂದ ಅಪ್ಪ.

ತಪ್ಪು ಇಬ್ಬರ ನಡುವೆ ಎರಡು ಸಲ ಆಚೀಚೆ ಹೋಯಿತು, ಇಬ್ಬರೂ ಇಟ್ಟುಕೊಳ್ಳಲಿಲ್ಲ. ನನ್ನ ಪಾಲನ್ನು ನಾನೂ ಬಾಯಿಬಿಟ್ಟು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಮಾರನೆಯ ದಿನ ಅಪ್ಪ, ನಾನು ಸೇರಿ ಬಚ್ಚಲ ನೀರು ಹರಿಯುವ ಕಡೆ ಅರ್ತಿನ ಗುಂಡಿ ತೋಡಿದೆವು. ಅರ್ಧ ದಿನದ ಕೆಲಸ. ಮೂರು ವರ್ಷ ಮುಂದೂಡಿದ್ದು ಅರ್ಧ ದಿನದ ಕೆಲಸವನ್ನು. ಇದ್ದಿಲು ಬೇಕಾಯಿತು. ಅಪ್ಪ ಅವ್ವನ ಕಡೆ ನೋಡಿದ. ಅವ್ವ ಕೊಟ್ಟಿಗೆಗೆ ಹೋಗಿ ಕರುವಿಗೆ ಗಂಜಿ ಕುಡಿಸುತ್ತ ಕೂತಳು. ನಾವೇ ಚಿಪ್ಪು ಸುಟ್ಟೆವು. ಹದ ಗೊತ್ತಿಲ್ಲದೆ ಅರ್ಧಕ್ಕರ್ಧ ಬೂದಿಯಾಯಿತು. ಎರಡನೆಯ ಸಲ ಸುಟ್ಟೆವು. ಅವಳು ಬರಲಿಲ್ಲ, ಹೇಗೆಂದು ಹೇಳಲೂ ಇಲ್ಲ. ನಮ್ಮ ಕಣ್ಣಿಗೆ ಹೊಗೆ ತುಂಬಲಿ ಎಂದು ಬಿಟ್ಟಳು.

ಉಪ್ಪು, ಇದ್ದಿಲು ಪದರ ಪದರವಾಗಿ ತುಂಬಿ, ನಡುವೆ ಪೈಪು ನಿಲ್ಲಿಸಿ, ನೀರು ಹುಯ್ದೆವು. ವೈರ್‌ಮ್ಯಾನ್ ಹಸಿರು ತಂತಿಯನ್ನು ಕಪ್ಪಿನಿಂದ ಬಿಡಿಸಿ ಈ ಪೈಪಿಗೆ ತಂದು ಬೋಲ್ಟು ಬಿಗಿದ. ಸೂರಿನ ಗಂಟಿಗೆ ಹೊಸದಾಗಿ ಕ್ಲಾಂಪು ಹಾಕಿದ. ಮೈನ್ ಹಾಕಿ, ಮನೆಯ ಎಲ್ಲ ಲೈಟು ಉರಿಸಿ, ಇಸ್ತ್ರಿ ಪೆಟ್ಟಿಗೆಯನ್ನೂ ಹಾಕಿಸಿ, ಪೈಪಿಗೆ ಟೆಸ್ಟರ್ ಇಟ್ಟು ನೋಡಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಅವ್ವನನ್ನು ಕರೆದ.

"ಬಾರಕ್ಕ, ಈಗ ಮುಟ್ಟು. ಇನ್ ಏನೂ ಆಗಕ್ಕಿಲ್ಲ."

ಅವ್ವ ಬಂದು ಒಗೆಯುವ ಕಲ್ಲಿನಿಂದ ಎರಡು ಮಾರು ಈಚೆಗೇ ನಿಂತಳು.

"ನೀವು ಮುಟ್ರಿ."

ವೈರ್‌ಮ್ಯಾನ್ ನಗುತ್ತ ಕೈ ಚಾಚಿದ.

"ಎಕ್ಕಡ ಬುಟ್ಟು," ಅಂದಳು.

ಅವನು ಬಿಟ್ಟ.

"ಕಾಲು ಒದ್ದೆ ಮಾಡ್ಕಂಡು. ಕಲ್ಲು ಮೇಲೆ ನಿಂತ್ಕಂಡು. ಮೂರೂ ಜನ."

ಅವಳೇ ಬಿಂದಿಗೆಯಿಂದ ನಮ್ಮ ಕಾಲ ಮೇಲೆ ನೀರು ಹುಯ್ದಳು. ಒದ್ದೆ ಕಲ್ಲಿನ ತಂಪು ಅಂಗಾಲಿಗೆ ತಾಗಿದಾಗ ನನಗೆ ಮೊದಲ ಸಲ ತಿಳಿಯಿತು, ಹಿಂದಿನ ಎರಡು ತಿಂಗಳು ಅವಳು ದಿನಾ ಬೆಳಿಗ್ಗೆ ಎಲ್ಲಿ ನಿಲ್ಲುತ್ತಿದ್ದಳು ಅನ್ನುವುದು. ವೈರ್‌ಮ್ಯಾನ್ ಮುಟ್ಟಿದ. ನಾನು ಕಣ್ಣು ಮುಚ್ಚಿಕೊಂಡು ಮುಟ್ಟಿದೆ. ಅಪ್ಪನ ಕೈ ನಲ್ಲಿಯಿಂದ ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ಎಲ್ಲ ಸರಿಯಾಗಿದೆ ಎಂದು ಈಗಷ್ಟೇ ಕಣ್ಣಾರೆ ಕಂಡಿದ್ದ, ಇಬ್ಬರು ಮುಟ್ಟಿ ತೋರಿಸಿಯೂ ಇದ್ದರು. ಆದರೂ ಕೈ ಮುಂದಕ್ಕೆ ಹೋಗಲಿಲ್ಲ. ಅವ್ವ ಅವನನ್ನು ಅವಸರಿಸಲಿಲ್ಲ. ನೋಡುತ್ತ ನಿಂತಳು. ಅವನ ಹಣೆಯಿಂದ ಬೆವರು ಇಳಿದು ಕಲ್ಲಿನ ಮೇಲೆ ಬಿದ್ದ ಮೇಲೆ, ಅವನು ಮುಟ್ಟಿದ.

"ಏನಿಲ್ಲ," ಅಂದ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

"ನಾನು ದಿನಾ ಹಂಗೇ ಮುಟ್ತಿದ್ದೆ ಕಣ್ರೀ," ಅಂದಳು ಅವ್ವ. ಕೆಳಗೆ ಬಿಟ್ಟಿದ್ದ ಮೂರು ಜೊತೆ ಚಪ್ಪಲಿಗಳಲ್ಲಿ ನನ್ನ ಹವಾಯಿಯನ್ನು ಮೆಟ್ಟಿಕೊಂಡು, ತುಳಸಿಕಟ್ಟೆಯ ಮುಂದೆಯೇ ಹಾದು ಒಳಗೆ ಹೋದಳು.

ಆಮೇಲೆ ಒಂದು ತಿಂಗಳು ಅವಳು ನಲ್ಲಿ ಮುಟ್ಟಲಿಲ್ಲ. ಹಗ್ಗ ಹಾಕಿ ಬಾವಿಯಿಂದಲೇ ಸೇದಿದಳು. ನಾವು ಅವಳನ್ನು ಎರಡು ತಿಂಗಳು ನಂಬಿರಲಿಲ್ಲ, ಅವಳು ನಮ್ಮನ್ನು ನಂಬದಿದ್ದದ್ದು ಒಂದೇ ತಿಂಗಳು, ಲೆಕ್ಕದಲ್ಲಿ ಅದು ಕಡಿಮೆಯೇ. ಕೊನೆಗೆ ಒಂದು ದಿನ ತಾನಾಗಿಯೇ ನಲ್ಲಿ ತಿರುಗಿಸಿದಳು, ಕಾಲಲ್ಲಿ ನನ್ನ ಚಪ್ಪಲಿ. ನೀರಿಗೆ ಬಂದಿದ್ದ ಪಕ್ಕದ ತೋಟದ ಹೆಂಗಸು ನೋಡಿ ಬಾಯಿಗೆ ಕೈ ಹಿಡಿದಳು.

"ಇದೇನಕ್ಕ, ಎಕ್ಕಡ ಮೆಟ್ಕಂಡು ಬಟ್ಟೆ ಒಗೀತೀಯ? ಸಾಹೇಬ್ರ ಹೆಂಡ್ತಿ ಆಗ್ಬುಟ್ಟೆ."

"ಹೂಂ ಕಣೇ," ಅಂದಳು ಅವ್ವ, ಬಟ್ಟೆ ಬಡಿಯುವುದನ್ನು ನಿಲ್ಲಿಸದೆ. "ನಮ್ಮನೇ ಸಾಹೇಬ್ರೆಲ್ಲ ಎಕ್ಕಡ ಮೆಟ್ಕಂಡೇ ಪರೀಕ್ಷೆ ಮಾಡೋದು. ನಾನೂ ಕಲ್ತೆ."

ಬೇಸಿಗೆಯಲ್ಲಿ ಅರ್ತಿನ ಗುಂಡಿಗೆ ನೀರು ಹುಯ್ಯುವ ಕೆಲಸ ನನ್ನದಾಯಿತು, ಯಾರೂ ಹೇಳಿರಲಿಲ್ಲ. ಲೈಟು ಮಂಕಾದರೆ ದೋಟಿ ತರುವುದು ನಿಂತಿತು. ಆದರೆ ನಲ್ಲಿಗೆ ಹೋಗುವ ಮುಂಚೆ ಅಡುಗೆಮನೆಯ ಲೈಟು ಆರಿಸುವುದನ್ನು ಅವ್ವ ಬಿಡಲಿಲ್ಲ. ಇನ್ನು ಬೇಕಿಲ್ಲ ಎಂದು ನಾನು ತಂತಿಗಳ ಚಿತ್ರ ಬರೆದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು, ಚಿತ್ರ ಚೆನ್ನಾಗಿದೆ ಅಂದಳು. ಎದ್ದು ಹೋಗಿ ಮೊದಲು ಲೈಟು ಆರಿಸಿದಳು, ಆಮೇಲೆ ನಡುಮನೆಗೆ ಬಂದು ಗೋಡೆಯ ಪ್ಲಗ್ಗಿನಲ್ಲಿ ಏನಾದರೂ ಹಾಕಿದೆಯೇ ಎಂದು ನೋಡಿದಳು. ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಬಿಂದಿಗೆ ಎತ್ತಿಕೊಂಡು ಕತ್ತಲಲ್ಲಿ ಹಿತ್ತಿಲಿಗೆ ಇಳಿದಳು.